ಆಗ್ಲಪ್ಪ ಕುಡಿದ ಕೂಸಿನ ಮದ್ದು

ನಮ್ಮ ಭಾವನಿಗೆ ‘ಬೇಡ’ ಎನ್ನಲು ಬರುವುದಿಲ್ಲ. ಬರುತ್ತಿರಲಿಲ್ಲ ಎನ್ನಬೇಕು, ಅದು ಬಂದ ಬಗೆಯನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ. ನಮ್ಮ ಕಟ್ಟಡದವರು ಓದಿದರೆ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವ ಹುಡುಗಿ ಎಂದಷ್ಟೇ ಅವರು ನನ್ನನ್ನು ಬಲ್ಲರು. ಹಾಗೆ ಒತ್ತಿಕೊಂಡು ನಿಂತವರಿಗೆ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಯಾರಿಗೂ ಹೊಳೆದಂತಿಲ್ಲ.

ಭಾವ ನಗರದ ಒಳಚರಂಡಿ ಕಚೇರಿಯಲ್ಲಿ ದೂರಿನ ಕಿಟಕಿಯ ಗುಮಾಸ್ತರು. ಕಿಟಕಿಯ ಆಚೆ ಊರಿಗೆ ಊರೇ ಮೂಗು ಮುಚ್ಚಿಕೊಂಡು ನಿಂತು ಬೈಯುತ್ತದೆ; ಈಚೆ ಕೂತ ಭಾವ “ಆಗ್ಲಿ” ಎನ್ನುತ್ತಾರೆ. ದೂರಿನ ಕಾಗದಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ನೇರಳೆ ಮುದ್ರೆ ಒತ್ತುತ್ತಾರೆ. ಕೆಲಸ ಆಗುವುದಿಲ್ಲ, ಅದು ಬೇರೆ ವಿಷಯ. ಆದರೆ ಆ ‘ಆಗ್ಲಿ’ಯ ದನಿಯಲ್ಲಿ ಎಂಥದೋ ತಂಪಿದೆ. ಕೆಂಡದಂತೆ ಬಂದವರು ನಮಸ್ಕಾರ ಹೇಳಿ ಹೋಗುತ್ತಾರೆ. ಕಚೇರಿಯಲ್ಲಿ ಅವರ ನಿಜವಾದ ಹೆಸರನ್ನು ಎಲ್ಲರೂ ಮರೆತು ಆಗ್ಲಪ್ಪ ಎನ್ನುತ್ತಾರೆ. ಭಾವ ಅದಕ್ಕೂ “ಆಗ್ಲಿ” ಎಂದಿದ್ದಾರೆ.

ಅವರ ಕಿಟಕಿಯ ಮೇಲೊಂದು ಹಲಗೆ ಇದೆ: ‘ಎಣ್ಣೆ, ಗಂಜಿ, ಕಷಾಯ, ಔಷಧಿ ಮುಂತಾದವನ್ನು ಚರಂಡಿಗೆ ಸುರಿಯಬೇಡಿ.’ ಒಕ್ಕಣೆ ಭಾವನದೇ. ಅವರ ಜೀವನದಲ್ಲಿ ಪ್ರಕಟವಾದ ಏಕೈಕ ಕೃತಿ ಅದು. ಮನೆಗೆ ಬಂದ ನೆಂಟರೆಲ್ಲರನ್ನೂ ಒಮ್ಮೆಯಾದರೂ ಅದರ ಮುಂದೆ ನಿಲ್ಲಿಸಿ ಓದಿಸಿದ್ದಾರೆ. ಈ ಹಲಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಅಕ್ಕ ಇದಕ್ಕೆ ತದ್ವಿರುದ್ಧ. ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ. ಗುರುತು ಹಾಕಿದಲ್ಲಿ ಕತ್ತರಿ ಇಡುವುದು ಅವಳ ಕೆಲಸ, ಮಾತೂ ಹಾಗೆಯೇ. ಈ ಇಬ್ಬರಿಗೆ ಹುಟ್ಟಿದ ಕೂಸು ಯಾರ ಸ್ವಭಾವ ಪಡೆದೀತು ಎಂದು ನಾವೆಲ್ಲ ಕುತೂಹಲದಿಂದ ಕಾಯುತ್ತಿದ್ದೆವು. ಹೆಚ್ಚು ಕಾಯಿಸಲಿಲ್ಲ. ಬೀದಿದೀಪ ಹತ್ತುವ ಹೊತ್ತಿಗೆ ಸರಿಯಾಗಿ, ಕಾಲುಗಳನ್ನು ಹೊಟ್ಟೆಗೆ ಮಡಚಿ, ಮುಷ್ಟಿ ಬಿಗಿದು, ಇಡೀ ಕಟ್ಟಡ ಕೇಳುವಂತೆ ಅಳತೊಡಗಿತು. ದಿನವೂ ಅದೇ ಹೊತ್ತು. ಕೆಳಮನೆಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು.

ಮಕ್ಕಳ ಡಾಕ್ಟರಮ್ಮ ಕೂಸನ್ನು ತೂಗಿದರು, ಹೊಟ್ಟೆ ಒತ್ತಿದರು, ಕಿವಿ ನೋಡಿದರು.

“ತೂಕ ಚೆನ್ನಾಗಿ ಏರ್ತಿದೆ. ಜ್ವರ ಇಲ್ಲ, ವಾಂತಿ ಇಲ್ಲ. ಎಳೇ ಹೊಟ್ಟೆ ಅಲ್ವಾ, ಹೊಸದಾಗಿ ಕೆಲಸಕ್ಕೆ ಸೇರಿದ ಹಾಗೆ. ಇನ್ನೊಂದಷ್ಟು ದಿನದಲ್ಲಿ ತಾನಾಗೇ ಕಲಿಯುತ್ತೆ. ಹೆಗಲ ಮೇಲೆ ಹಾಕ್ಕೊಂಡು ಓಡಾಡಿಸಿ. ಜ್ವರ ಬಂದ್ರೆ, ವಾಂತಿ ಆದ್ರೆ, ಹಾಲು ಬಿಟ್ರೆ ತಕ್ಷಣ ಕರ್ಕೊಂಡು ಬನ್ನಿ. ಎದೆಹಾಲು ಬಿಟ್ಟು ಬಾಯಿಗೆ ಏನೂ ಹಾಕ್ಬೇಡಿ.”

“ಸೋಂಪಿನ ನೀರು?” ಎಂದರು ಭಾವ.

“ಬೇಡ.”

“ಓಂಕಾಳು?”

“ಬೇಡ.”

“ಬರೀ ಬಿಸಿನೀರು, ಒಂದು ಚಮಚ?”

“ಬೇಡ.”

ಭಾವ ಬಾಯಿ ತೆರೆದುಕೊಂಡು ಆಕೆಯನ್ನೇ ನೋಡಿದರು, ಸರ್ಕಸ್ಸಿನಲ್ಲಿ ತಂತಿಯ ಮೇಲೆ ನಡೆಯುವವಳನ್ನು ನೋಡುವ ಹಾಗೆ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಕಿವಿಯಲ್ಲಿ, “ಎಷ್ಟು ಸಲೀಸಾಗಿ ಹೇಳ್ತಾರೆ ನೋಡೇ! ಒಂದು ಸಲಾನೂ ತಡವರಿಸ್ಲಿಲ್ಲ” ಎಂದರು.

ಮನೆಯಲ್ಲಿ ಅಕ್ಕ ಕಾನೂನು ಮಾಡಿದಳು. ಕೂಸಿನ ಬಾಯಿಗೆ ಹಾಲು ಮಾತ್ರ. ಕೂಸನ್ನು ನೋಡಿಕೊಳ್ಳಲೆಂದು ಬಂದಿದ್ದ ಭಾವನ ದೊಡ್ಡಮ್ಮ ಹುಬ್ಬು ಮೇಲೇರಿಸಿದರು.

“ಓದಿದೋರಪ್ಪಾ. ನಾವೇನೋ ಬೇರು ಬೊಡ್ಡೆ ಕೊಟ್ಟು ಮಕ್ಕಳನ್ನ ಸಾಕಿದ್ವಿ.”

“ಯಾವ ಬೇರು ದೊಡ್ಡಮ್ಮ?”

“ಬೇರು ಅಂದ್ರೆ ಬೇರು ಕಣಮ್ಮ. ಅದಕ್ಕೆ ಹೆಸರಿಟ್ಟು ಶಾಲೆಗೆ ಸೇರಿಸ್ಬೇಕಾ?”

ಮೊದಲ ಬಾಟಲಿ ಬಂದದ್ದು ಕೆಳಮನೆಯಿಂದ. ಅಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ. ನಿವೃತ್ತರಾದ ಮೇಲೆ ತರಗತಿಯಿಲ್ಲದೆ ಸೊರಗಿದ್ದವರಿಗೆ ಕೂಸಿನ ಅಳು ಗಂಟೆ ಹೊಡೆದಂತಾಯಿತು. ಸೋಂಪು, ಸಬ್ಬಸಿಗೆ ಬೀಜ, ಇನ್ನೂ ಏನೇನೋ ಕುದಿಸಿ ಸೋಸಿದ್ದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಇನ್ನೂ ಏನೇನೋ ಅಂದ್ರೆ ಏನು ಮೇಷ್ಟ್ರೇ?” ಅಕ್ಕ ಕೇಳಿದಳು.

“ಅದೆಲ್ಲ ನಿಸರ್ಗ ಕಣಮ್ಮ, ನಿಸರ್ಗ! ನಿಸರ್ಗ ಯಾರಿಗಾದ್ರೂ ಕೆಡುಕು ಮಾಡುತ್ತಾ?”

“ಹಾವೂ ನಿಸರ್ಗಾನೇ.”

ಮೇಷ್ಟ್ರು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದವರಂತೆ ಮುಖ ತಿರುಗಿಸಿ ಬಾಟಲಿಯನ್ನು ಭಾವನ ಕೈಗಿಟ್ಟರು. “ಖಾಲಿ ಮಾಡಿ ಬಾಟಲಿ ವಾಪಸ್ ಕೊಡಿ. ನಮ್ಮನೆಯವಳ ಬಾಟಲಿ ಅದು.”

“ಆಗ್ಲಿ ಮೇಷ್ಟ್ರೇ” ಎಂದರು ಭಾವ.

ಬಾಗಿಲು ಮುಚ್ಚಿದ ಕೂಡಲೇ ಅಕ್ಕ, “ಸಿಂಕಿಗೆ ಸುರೀರಿ” ಎಂದು ಹೇಳಿ ಕೂಸಿಗೆ ಹಾಲು ಕೊಡಲು ಒಳಗೆ ಹೋದಳು. ಭಾವ ಸಿಂಕಿನ ಮುಂದೆ ನಿಂತರು. ಬಾಟಲಿ ಓರೆ ಮಾಡಿದರು. ನೆಟ್ಟಗೆ ಮಾಡಿದರು. ಮತ್ತೆ ಓರೆ ಮಾಡಿದರು. ನಾನು ಪಾತ್ರೆ ಒರೆಸುತ್ತ ನೋಡುತ್ತಿದ್ದೆ.

“ಇದು ಕಷಾಯ” ಎಂದರು ನನ್ನತ್ತ ತಿರುಗಿ, ಬಹಳ ಸಂಕಟದಿಂದ. “ಹಲಗೇಲಿ ಬರೆದಿದೀನಿ.”

“ಯಾರು ನೋಡ್ತಾರೆ ಭಾವ?”

“ನಾನೇ ನೋಡ್ತಿದೀನಲ್ಲಮ್ಮ.”

ತಾರಸಿಯ ಹೂಕುಂಡಗಳಿಗೆ ಸುರಿಯಬಹುದಿತ್ತು, ಆದರೆ ಅವು ಎದುರುಮನೆ ಸೆಕ್ರೆಟರಿ ಆಂಟಿಯವು, ಎಲೆ ಎಲೆಗೂ ಲೆಕ್ಕ ಕೇಳುತ್ತಾರೆ. ಹಾಗೇ ಇಟ್ಟುಕೊಂಡರೆ ಬಾಟಲಿ ವಾಪಸು ಹೋಗುವುದಿಲ್ಲ. ನಾಲ್ಕು ದಿಕ್ಕಿನಿಂದಲೂ ನಿಯಮಗಳು ಹೀಗೆ ಮುತ್ತಿಗೆ ಹಾಕಿದಾಗ ಒಬ್ಬ ಪ್ರಾಮಾಣಿಕ ನೌಕರನಿಗೆ ಉಳಿಯುವುದು ಒಂದೇ ದಾರಿ. ಭಾವ ಕಣ್ಣು ಮುಚ್ಚಿ, ಬಾಟಲಿಯನ್ನು ಬಾಯಿಗಿಟ್ಟು, ಗಟಗಟನೆ ಎತ್ತಿಬಿಟ್ಟರು.

“ಪರವಾಗಿಲ್ಲ. ಸ್ವಲ್ಪ ಒಗರು” ಎಂದು ಬಾಯಿ ಒರೆಸಿಕೊಂಡು, ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು.

ಖಾಲಿ ಬಾಟಲಿ ನೋಡಿ ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. “ಕುಡೀತಾ? ಪೂರ್ತಿ?” ಎಂದರು. ಭಾವ “ಹೂಂ” ಎಂದರು. ಮಾರನೆಯ ದಿನ ಆ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತು. ಮೇಷ್ಟ್ರ ಮದ್ದು ನಡೆಯುತ್ತದೆ ಎಂದಾದರೆ ಸೆಕ್ರೆಟರಿ ಆಂಟಿ ಸುಮ್ಮನಿರುತ್ತಾರೆಯೇ? ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ಅವರ ಒಪ್ಪಿಗೆಯಿಲ್ಲದೆ ಇಲ್ಲಿ ನಲ್ಲಿಯೂ ಸೋರುವುದಿಲ್ಲ. ಓಂಕಾಳು, ಶುಂಠಿ, ನಕ್ಷತ್ರದ ಆಕಾರದ ಯಾವುದೋ ಮೊಗ್ಗು ಹಾಕಿ ಬತ್ತಿಸಿದ ಕಂದು ಬಣ್ಣದ ನೀರನ್ನು ಡಬ್ಬಿಯಲ್ಲಿ ತಂದರು.

“ಇದ್ರಲ್ಲಿ ಏನಿದೆ ಆಂಟಿ?”

“ನಮ್ಮಮ್ಮ ಮಾಡ್ತಿದ್ದದ್ದು.”

“ಏನಿದೆ ಅಂದೆ.”

“ಅಯ್ಯೋ, ಹೇಳಿದ್ನಲ್ಲಮ್ಮ, ನಮ್ಮಮ್ಮ ಮಾಡ್ತಿದ್ದದ್ದು ಅಂತ!”

ಭಾವ ಅದನ್ನೂ ಕುಡಿದರು. ಆಮೇಲೆ ಮೇಲ್ಮಹಡಿಯಿಂದ ಪುಡಿ, ಪಕ್ಕದ ಬೀದಿಯಿಂದ ಲೇಹ್ಯ, ದೊಡ್ಡಮ್ಮನ ಪರಿಚಯದವರಿಂದ ತೇಯ್ದ ಬೇರಿನ ರಸ. ಅಕ್ಕ ಪ್ರತಿಸಲ “ಕೂಸಿಗೆ ಕೊಡಲ್ಲ ಅಂತ ಹೇಳಿ ವಾಪಸ್ ಕೊಟ್ರಾ?” ಎಂದು ಕೇಳುತ್ತಿದ್ದಳು. ಭಾವ “ಕೊಟ್ಟೆ” ಎನ್ನುತ್ತಿದ್ದರು. ಕೊಟ್ಟದ್ದು ನಿಜ, ಹೇಳಿದ್ದು ಮಾತ್ರ ಇಲ್ಲ.

ಒಂದು ಸಂಗತಿ ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಊದಿಕೊಂಡಿದ್ದ ಭಾವನ ಹೊಟ್ಟೆ ಆ ದಿನಗಳಲ್ಲಿದ್ದಷ್ಟು ಹಗುರವಾಗಿ ಎಂದೂ ಇರಲಿಲ್ಲ. ಸಂಜೆ ಹೊತ್ತಿಗೆ ಅವರು ಬಿಡುತ್ತಿದ್ದ ತೇಗಿಗೆ ಕೂಸು ಅಳು ನಿಲ್ಲಿಸಿ ಕಿವಿಗೊಡುತ್ತಿತ್ತು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಬೆನ್ನು ತಟ್ಟುತ್ತ, ತೇಗುತ್ತ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಅವರು ನಡೆದದ್ದೇ ನಡೆದದ್ದು. ದಿನ ಕಳೆದಂತೆ ಡಾಕ್ಟರಮ್ಮ ಹೇಳಿದ ಹಾಗೆಯೇ ಅಳು ತಾನಾಗಿ ಕಡಿಮೆಯಾಗುತ್ತ ಬಂತು. ಒಂದು ಸಂಜೆ ಬೀದಿದೀಪ ಹತ್ತಿತು, ಕೂಸು ಅದನ್ನು ನೋಡಿ ನಕ್ಕಿತು.

ಆ ನಗುವಿನಿಂದ ಯುದ್ಧ ಶುರುವಾಯಿತು.

“ನನ್ನ ಸೋಂಪು!” ಎಂದರು ಮೆಟ್ಟಿಲ ಕೆಳಗಿನಿಂದ ಮೇಷ್ಟ್ರು.

“ನಿಮ್ಮ ಸೋಂಪು ಕುಡಿದ ಮೇಲೂ ಅಳ್ತಿತ್ತು. ನನ್ನ ಡಬ್ಬಿ ಹೋದ ಮೇಲೆ ನಿಂತಿದ್ದು” ಎಂದರು ಮೇಲಿನಿಂದ ಸೆಕ್ರೆಟರಿ ಆಂಟಿ.

“ಡಬ್ಬಿ! ಅದನ್ನ ಮೂಸಿ ನೋಡಿದ ನಮ್ಮ ಬೆಕ್ಕು ಎರಡು ಹೊತ್ತು ಊಟ ಬಿಟ್ಟಿತ್ತು!”

“ನಿಮ್ಮನೆ ಊಟ ಬಿಡೋಕೆ ನನ್ನ ಡಬ್ಬಿ ಬೇಕಿಲ್ಲ, ಮೇಷ್ಟ್ರೇ!”

ಗಲಾಟೆಗೆ ಅಕ್ಕ ಹೊರಬಂದಳು. “ಯಾವ ಸೋಂಪು, ಯಾವ ಡಬ್ಬಿ? ನನ್ನ ಮಗು ಯಾರ ಮದ್ದೂ ಕುಡಿದಿಲ್ಲ.”

ಕೆಳಗಿನವರು ಮೇಲೆ ನೋಡಿದರು, ಮೇಲಿನವರು ಕೆಳಗೆ ನೋಡಿದರು. ಆಮೇಲೆ ಶತ್ರುಗಳಿಬ್ಬರೂ ಒಂದಾಗಿ ಅವಳತ್ತ ಅಯ್ಯೋ ಪಾಪ ಎಂಬ ನಗೆ ಬೀರಿದರು.

“ನಿಮ್ಮೆಜಮಾನ್ರು ನಿನಗೆ ಹೇಳಿಲ್ಲ ಅನ್ಸುತ್ತೆ ಕಣಮ್ಮ” ಎಂದರು ಆಂಟಿ. “ಎಲ್ಲಾನೂ ಕುಡಿಸಿದಾರೆ. ಬಾಟಲಿ ತೊಳೆದು ಕೊಟ್ಟಿದಾರೆ, ಪಾಪ, ಒಳ್ಳೇ ಮನುಷ್ಯ.”

ಅಕ್ಕನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಒಳಗೆ ಬಂದು ಬಾಗಿಲು ಹಾಕಿ, “ಕೂಸಿಗೆ ಕೊಟ್ರಾ?” ಎಂದಳು. ಅಷ್ಟು ಸಣ್ಣ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ.

“ಇಲ್ಲ ಕಣೇ. ನಾನೇ ಕುಡ್ದೆ.”

“ಏನು?”

“ಸುರಿಯೋ ಹಾಗಿರ್ಲಿಲ್ಲ. ಹಲಗೆ ಇದೆಯಲ್ಲ...”

ಅಕ್ಕ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಗೋಡೆಗೊರಗಿ ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂದ ಮೇಲೆ ಒರೆಸಿಕೊಂಡು ಥಟ್ಟನೆ ಗಂಭೀರಳಾದಳು.

“ಸರಿ. ಈಗ ಹೋಗಿ ಎಲ್ಲರಿಗೂ ಹೇಳಿ. ದೊಡ್ಡಮ್ಮನಿಗೆ ಮೊದಲು ಹೇಳಿ. ಸೋಮವಾರ ನನ್ನ ರಜ ಮುಗಿಯುತ್ತೆ. ಹೋಗ್ಲಿಲ್ಲ ಅಂದ್ರೆ ನನ್ನ ಮೇಜಿಗೆ ಬೇರೆಯವರನ್ನ ಕೂರಿಸ್ತಾರೆ. ಹಗಲೆಲ್ಲ ಕೂಸೂ ನಾನು ಹಿಂಡಿಟ್ಟ ಹಾಲೂ ದೊಡ್ಡಮ್ಮನ ಕೈಲಿರುತ್ತೆ. ಮದ್ದು ಕುಡಿದೇ ಸರಿಹೋಯ್ತು ಅಂತ ಅವರು ನಂಬಿದ್ರೆ ಏನಾಗುತ್ತೆ ಗೊತ್ತಾ?”

“ಆಗ್ಲಿ, ಹೇಳ್ತೀನಿ” ಎಂದರು ಭಾವ.

ಹೇಳಲಿಲ್ಲ. ಅಕ್ಕನೇ ಹೇಳಿದಳು. ದೊಡ್ಡಮ್ಮ ನಂಬಲಿಲ್ಲ. “ನಮ್ಮ ಹುಡುಗ ಕೂಸಿನ ಮದ್ದು ಕುಡಿಯೋಕೆ ಅವನಿಗೇನು ಹಲ್ಲು ಬಂದಿಲ್ವಾ? ಬಾಟಲಿ ಖಾಲಿ ಆಗಿದ್ದು ಕಣ್ಣಾರೆ ನೋಡಿದೀನಿ, ಕೂಸು ನಗೋದು ಕಣ್ಣಾರೆ ನೋಡ್ತಿದೀನಿ. ಇನ್ನೇನು ಬೇಕು? ಅವನೇ ಬಂದು ಹೇಳ್ಲಿ, ನಂಬ್ತೀನಿ.” ಅವನು, ಅಂದರೆ ಭಾವ, ಅಷ್ಟು ಹೊತ್ತಿಗೆ ಬಚ್ಚಲಲ್ಲಿದ್ದರು. ಬಹಳ ಹೊತ್ತು ಅಲ್ಲೇ ಇದ್ದರು.

ಭಾನುವಾರ ಸಾಹೇಬರು ಬಂದರು. ಭಾವನ ಕಚೇರಿಯ ಮುಖ್ಯಸ್ಥರು. ಆಗ್ಲಪ್ಪನ ಕೂಸು ಮದ್ದಿಗೆ ಒಗ್ಗಿದೆ ಎಂಬ ಕೀರ್ತಿ ಒಳಚರಂಡಿಯ ಮಾರ್ಗವಾಗಿ ಅವರನ್ನೂ ಮುಟ್ಟಿತ್ತು. ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಬಟ್ಟೆಯಲ್ಲಿ ಸುತ್ತಿದ ಕಪ್ಪು ಬಾಟಲಿಯೊಂದನ್ನು ಹೊರತೆಗೆದರು.

“ನಮ್ಮತ್ತೆ ಮಾಡಿದ್ದು. ಅಳು ನಿಂತಿದ್ರೂ ಮತ್ತೆ ಬರದೇ ಇರೋಕೆ ಇದು. ಒಂದು ಚಮಚ ಹಾಕಿದ್ರೆ ಮಗು ಅಲ್ಲಾಡಲ್ಲ. ಇವರು ಕೆಲಸಕ್ಕೆ ಹೋಗ್ತಾರಂತಲ್ಲ, ಅನುಕೂಲ ಆಗುತ್ತೆ.”

“ಇದ್ರಲ್ಲಿ ಏನಿದೆ ಸಾರ್?” ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

“ಅದು ಮನೆತನದ ಗುಟ್ಟು.”

“ಗುಟ್ಟನ್ನ ನನ್ನ ಮಗುವಿನ ಹೊಟ್ಟೇಲಿ ಯಾಕೆ ಬಚ್ಚಿಡ್ಬೇಕು?”

ಸಾಹೇಬರು ಭಾವನತ್ತ ತಿರುಗಿದರು. ಕಚೇರಿಯಲ್ಲಿ ದೂರು ಹೊತ್ತು ತಂದವರಿಂದ ಮುಖ ತಿರುಗಿಸುವ ಅದೇ ಭಂಗಿ. “ಕೊಡ್ತೀರಲ್ಲ?”

ಅಕ್ಕ ಭಾವನನ್ನೇ ನೋಡುತ್ತಿದ್ದಳು. ನಾನು ನೋಡುತ್ತಿದ್ದೆ. ಕೂಸು ಕೂಡ ಬೆರಳು ಚೀಪುತ್ತ ನೋಡುತ್ತಿತ್ತು. ಭಾವನ ತುಟಿ ಒಂದಕ್ಕೊಂದು ಒತ್ತಿಕೊಂಡವು, ‘ಬೇ’ ಎನ್ನಲು ಹೇಗೆ ಒತ್ತಿಕೊಳ್ಳಬೇಕೋ ಹಾಗೆ. ಕೆನ್ನೆ ಉಬ್ಬಿತು.

“...ಆಗ್ಲಿ ಸಾರ್.”

ದೊಡ್ಡಮ್ಮ ಬಾಟಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಮ್ಮ ಚೀಲದಲ್ಲಿಟ್ಟರು. “ಸಾಹೇಬರ ಮನೆಯದ್ದು! ನಾಳೆ ಮಧ್ಯಾಹ್ನ ಇದಕ್ಕೊಂದು ಚಮಚ ಹಾಕಿ ಮಲಗಿಸ್ತೀನಿ. ಅಷ್ಟೆಲ್ಲ ಕುಡಿದಿದೆ, ಇದೊಂದು ಹೆಚ್ಚಾಗುತ್ತಾ?”

ಅಕ್ಕ ಎಷ್ಟು ಕೇಳಿದರೂ ಬಾಟಲಿ ಕೊಡದೆ ದೊಡ್ಡಮ್ಮ ಆ ರಾತ್ರಿ ಚೀಲವನ್ನೇ ತಲೆದಿಂಬು ಮಾಡಿಕೊಂಡರು. ಸೋಮವಾರ ಬೆಳಗ್ಗೆ ಅಕ್ಕ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. “ಕಣ್ಣಿಟ್ಟಿರು” ಎಂದು ನನಗೆ ಹೇಳಿದಳು. ಗಂಡನಿಗೆ ಏನೂ ಹೇಳಲಿಲ್ಲ. ಬಾಗಿಲೂ ಹಾಕಿಕೊಳ್ಳದೆ ಇಳಿದುಹೋದಳು. ಆ ಮೌನವೇ ಭಾವನಿಗೆ ತಾಗಿತೆಂದು ಕಾಣುತ್ತದೆ. ದೊಡ್ಡಮ್ಮ ಸ್ನಾನಕ್ಕೆ ಹೋದದ್ದೇ ತಡ, ಅವರ ಚೀಲದಿಂದ ಕಪ್ಪು ಬಾಟಲಿ ತೆಗೆದರು.

“ಭಾವ, ಇದೊಂದನ್ನಾದ್ರೂ ಸಿಂಕಿಗೆ...”

“ಹಲಗೆಯಲ್ಲಿ ಔಷಧಿ ಅಂತಾನೂ ಇದೆ” ಎಂದರು. ನಾನು ಕೈ ಚಾಚುವಷ್ಟರಲ್ಲಿ ಬಾಟಲಿ ಬರಿದಾಗಿತ್ತು. ಮುಖ ಹಿಂಡಿಕೊಂಡು, ಖಾಲಿ ಬಾಟಲಿಯನ್ನು ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು, “ಇನ್ನು ಕೂಸಿಗೆ ಕೊಡೋಕೆ ಏನೂ ಇಲ್ಲ, ನಿಮ್ಮಕ್ಕನಿಗೆ ಹೇಳು” ಎಂದು ಹೆಮ್ಮೆಯಿಂದ ಕಚೇರಿಗೆ ಹೊರಟರು. ಜಗತ್ತಿನಲ್ಲಿ ವೀರರು ಬಗೆಬಗೆಯವರಿದ್ದಾರೆ. ಒಂದು ಶಬ್ದ ಹೇಳುವ ಬದಲು ಒಂದು ಬಾಟಲಿ ಕುಡಿಯುವ ವೀರ ನಮ್ಮ ಭಾವ ಒಬ್ಬರೇ ಇರಬೇಕು.

ಮುಂದಿನದನ್ನು ಕಚೇರಿಯ ಜವಾನ ಹೇಳಿದ್ದು. ಕಿಟಕಿಯ ಮುಂದೆ ಸಾಲು ನಿಂತಿತ್ತು. ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕಿ ಹರಿಯುತ್ತಿದೆ ಎಂದು ಒಬ್ಬ ದಪ್ಪ ಮನುಷ್ಯ ಕೂಗಾಡುತ್ತಿದ್ದ. ಭಾವ ಮಂದಹಾಸದಿಂದ ಕೇಳಿಸಿಕೊಂಡು “ಆ...” ಎಂದರಂತೆ. ಸಾಲು ಕಾಯಿತು. ‘ಗ್ಲಿ’ ಬರಲಿಲ್ಲ. ಭಾವನ ತಲೆ ನಿಧಾನವಾಗಿ ಬಾಗಿ ಮೇಜಿನ ಮೇಲೆ ಇಳಿಯಿತು.

“ಏನ್ರೀ ಇದು! ಜನ ಹೊಲಸಲ್ಲಿ ಈಜಾಡ್ತಿದಾರೆ, ಇವರು ಮಲಗ್ತಾರೆ!”

“ಪ್ರತಿಭಟನೆ ಇರ್ಬೇಕು” ಎಂದ ಹಿಂದಿನವನು.

ಸಾಹೇಬರು ಓಡಿ ಬಂದು ಭುಜ ಹಿಡಿದು ಅಲುಗಿಸಿದರು. “ಆಗ್ಲಪ್ಪ! ಆಗ್ಲಪ್ಪ!” ಅವರು ಭಾವನ ತಲೆ ಹಿಡಿದೆತ್ತಿದಾಗ ಹಣೆಯ ಮೇಲೆ ನೇರಳೆ ಬಣ್ಣದಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಮೂಡಿತ್ತು. ಮೇಜಿನ ಮೇಲೆ ಮುದ್ರೆ ಮೊಗ ಮೇಲಾಗಿ ಬಿದ್ದಿತ್ತಂತೆ. ಭಾವ ಮಾತ್ರ ಏಳಲಿಲ್ಲ. ಉಸಿರು ಎಷ್ಟು ನಿಧಾನವಾಗಿತ್ತೆಂದರೆ ಕೂಗಾಡುತ್ತಿದ್ದ ದಪ್ಪ ಮನುಷ್ಯನೇ ಬಾಯಿ ಮುಚ್ಚಿಕೊಂಡು ಅವರನ್ನು ಎತ್ತಿ ವಾಹನಕ್ಕೆ ಹಾಕಿದ.

ಸುದ್ದಿ ತಿಳಿದು ದೊಡ್ಡಮ್ಮ, ಕೂಸು, ನಾನು ಆಸ್ಪತ್ರೆ ತಲುಪಿದಾಗ ಯುವ ಡಾಕ್ಟರೊಬ್ಬರು ಭಾವನ ಕಣ್ಣಿನ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿ ನೋಡುತ್ತಿದ್ದರು. ಪಕ್ಕದಲ್ಲಿ ಸಾಹೇಬರು ಬೆವರುತ್ತ ನಿಂತಿದ್ದರು.

“ಏನು ಕುಡಿದಿದಾರೆ? ಯಾರಿಗಾದ್ರೂ ಗೊತ್ತಾ?”

“ನಮ್ಮ ಹುಡುಗ ಕುಡಿಯೋನಲ್ಲ ಡಾಕ್ಟ್ರೇ!” ಎಂದರು ದೊಡ್ಡಮ್ಮ.

“ಕುಡಿದಿದಾರೆ” ಎಂದು ಯಾರೋ ಗಟ್ಟಿಯಾಗಿ ಹೇಳಿದರು. ಎಲ್ಲರೂ ತಿರುಗಿದರು. ಅದು ನನ್ನ ದನಿ. “ಮಗುವಿಗೆ ಅಂತ ಸಾಹೇಬರು ಕೊಟ್ಟ ಮದ್ದು. ಪೂರ್ತಿ ಬಾಟಲಿ. ಈವರೆಗೆ ಬಂದ ಎಲ್ಲ ಬಾಟಲಿಗಳನ್ನೂ ಭಾವಾನೇ ಕುಡಿದಿದ್ದು, ಕೂಸಲ್ಲ. ನಾನು ನೋಡಿದೀನಿ.”

ದೊಡ್ಡಮ್ಮ ಕೂಸನ್ನು ಎದೆಗೊತ್ತಿಕೊಂಡರು.

“ಆ ಬಾಟಲಿಯಲ್ಲಿ ಏನಿತ್ತು?” ಡಾಕ್ಟರು ಸಾಹೇಬರ ಕಡೆ ತಿರುಗಿದರು.

“ಮನೆತನದ...” ಎಂದು ಶುರು ಮಾಡಿದ ಸಾಹೇಬರು ಡಾಕ್ಟರ ಮುಖ ನೋಡಿ ಅತ್ತೆಗೆ ಫೋನ್ ಮಾಡಿದರು. ಎಲ್ಲರಿಗೂ ಕೇಳುವಂತೆ ಇಟ್ಟರು.

“ಏನಿರುತ್ತೆ, ಬೇರು” ಎಂದಿತು ಅತ್ತೆಯ ದನಿ.

“ಯಾವ ಬೇರು ಅಮ್ಮ?” ಡಾಕ್ಟರು ಕೇಳಿದರು.

“ಬೇರು... ಒಂದಿಷ್ಟು ಜೇನು... ಆಮೇಲೆ ನಿದ್ದೆ ಬರ್ಲಿ ಅಂತ ಗಸಗಸೆ ಗಿಡದ ಒಣಕಾಯಿ ಕುದಿಸಿ ಬತ್ತಿಸಿದ್ದು. ಯಾಕೆ?”

ಡಾಕ್ಟರು ಕೂಡಲೇ ನರ್ಸಮ್ಮನನ್ನು ಕರೆದು ಒಂದು ಇಂಜೆಕ್ಷನ್ ಹೆಸರು ಹೇಳಿದರು. ಆಕೆ ಓಡಿದರು. “ಅದು ಅಫೀಮಿನ ಗಿಡ ಅಮ್ಮ. ಆ ಕಾಯಲ್ಲೇ ಅಮಲು ಇರೋದು. ಎಳೇ ಮಗುವಿಗೆ ಕೊಟ್ರೆ ಉಸಿರೇ ನಿಲ್ಲಬಹುದು. ಜೇನೂ ಕೊಡೋ ಹಾಗಿಲ್ಲ.”

“ನಮ್ಮ ಕಾಲದಲ್ಲಿ ಎಲ್ಲರೂ ಅದನ್ನೇ ಕುಡಿದು ದೊಡ್ಡೋರಾದ್ರು!”

“ದೊಡ್ಡೋರಾದವರು ಮಾತ್ರ ಹಾಗೆ ಹೇಳೋಕೆ ಉಳಿದಿದಾರೆ” ಎಂದರು ಡಾಕ್ಟರು.

ಅತ್ತೆ ಫೋನು ಇಟ್ಟುಬಿಟ್ಟರು. ದೊಡ್ಡಮ್ಮ ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡರು. “ಒಂದೇ ಚಮಚ ಹಾಕಿದ್ರೆ?” ಎಂದರು. ಕೇಳಿದ್ದು ಡಾಕ್ಟರನ್ನಲ್ಲ ಎನ್ನುವಷ್ಟು ಮೆಲ್ಲಗೆ. ಡಾಕ್ಟರು ಮಂಚದ ತುಂಬ ಹರಡಿಕೊಂಡಿದ್ದ ಭಾವನನ್ನು ನೋಡಿದರು, ಆಮೇಲೆ ಅವರ ತೋಳಿನಲ್ಲಿದ್ದ ಕೂಸನ್ನು ನೋಡಿದರು. ದೊಡ್ಡಮ್ಮ ಕುರ್ಚಿ ಹುಡುಕಿ ಕುಳಿತರು.

ಅಕ್ಕ ಕಾರ್ಖಾನೆಯಿಂದ ನೇರ ಬಂದಳು, ಸೀರೆಯ ತುಂಬ ನೂಲಿನ ಚೂರು. ಮೊದಲು ಕೂಸನ್ನು ಮುಟ್ಟಿ ನೋಡಿದಳು, ಆಮೇಲೆ ಗಂಡನ ಹಣೆಯ ಮುದ್ರೆ ಓದಿದಳು. ಅಳುವಳೋ ನಗುವಳೋ ತಿಳಿಯದೆ ನಾವೆಲ್ಲ ನಿಂತಿದ್ದಾಗ ಸಾಹೇಬರ ಕಡೆ ತಿರುಗಿದಳು.

“ಸಾರ್, ಇದ್ರಲ್ಲಿ ಏನಿದೆ ಅಂತ ನಾನು ಕೇಳ್ದೆ. ಮೇಷ್ಟ್ರನ್ನ ಕೇಳ್ದೆ, ಆಂಟೀನ ಕೇಳ್ದೆ, ದೊಡ್ಡಮ್ಮನ್ನ ಕೇಳ್ದೆ. ಎಲ್ಲರೂ ನನ್ನ ಜಗಳಗಂಟಿ ಅಂದ್ರಿ. ಇನ್ಮುಂದೆ ಜಗಳಗಂಟೀನೇ. ನನ್ನ ಮಗುವಿನ ಬಾಯಿ ನಿಮ್ಮ ಕಚೇರಿ ಕಿಟಕಿ ಅಲ್ಲ, ಬಂದಿದ್ದೆಲ್ಲ ಸ್ವೀಕರಿಸೋಕೆ.”

ಸಾಹೇಬರು ಕರವಸ್ತ್ರ ಹುಡುಕಿಕೊಂಡರು.

ಇಂಜೆಕ್ಷನ್ ಬಿದ್ದು ಸ್ವಲ್ಪ ಹೊತ್ತಿಗೆ ಭಾವ ಕಣ್ಣು ಬಿಟ್ಟರು. “ಕೂಸು?” ಎಂದರು. ಅಕ್ಕ ಕೂಸನ್ನು ಅವರ ಪಕ್ಕಕ್ಕೆ ಮಲಗಿಸಿದಳು. ಆ ಹೊತ್ತಿಗೆ ಧೈರ್ಯ ತಂದುಕೊಂಡ ಸಾಹೇಬರು ಮುಂದೆ ಬಾಗಿ, ತಗ್ಗಿದ ದನಿಯಲ್ಲಿ, “ಆಗ್ಲಪ್ಪ, ಇದರ ಅಮಲು ಪೂರ್ತಿ ಇಳಿಯೋಕೆ ನಮ್ಮತ್ತೆ ಹತ್ರ ಇನ್ನೊಂದು ಕಷಾಯ ಇದೆ. ಕಳಿಸ್ಲಾ?” ಎಂದರು.

ಭಾವನ ತುಟಿ ಒಂದಕ್ಕೊಂದು ಒತ್ತಿಕೊಂಡವು. ಕೆನ್ನೆ ಉಬ್ಬಿತು. ಅಕ್ಕ ಮುಖ ಬೇರೆಡೆ ತಿರುಗಿಸಿದಳು.

“ಬೇಡ.”

ನರ್ಸಮ್ಮ ಕೂಡ ಕೈಯಲ್ಲಿನ ಕೆಲಸ ನಿಲ್ಲಿಸಿದರು.

“ಏನಂದ್ರಿ?”

“ಬೇಡ ಸಾರ್” ಎಂದರು ಭಾವ. ತಮ್ಮ ಬಾಯಿಂದ ಬಂದದ್ದನ್ನು ನಂಬಲಾಗದೆ ಮತ್ತೊಮ್ಮೆ ಪರೀಕ್ಷಿಸಿದರು. “ಬೇಡ. ಅಬ್ಬ! ಬೇಡ, ಬೇಡ.” ಹೊಸ ಹಲ್ಲು ಮೂಡಿದವರು ನಾಲಿಗೆಯಿಂದ ಅದನ್ನೇ ಮುಟ್ಟಿ ಮುಟ್ಟಿ ನೋಡುವ ಹಾಗೆ. ಆಮೇಲೆ ಒಂದು ಲೋಟ ನೀರು ಬೇಕೇ ಎಂದು ನರ್ಸಮ್ಮ ಕೇಳಿದಾಗಲೂ ಬೇಡ ಎಂದು, ಬಾಯಾರಿಕೆಯಿಂದ ಒದ್ದಾಡಿ, ಅಕ್ಕನ ಕೈಯಲ್ಲಿ ಬೈಸಿಕೊಂಡು ಕುಡಿದರು.

ಒಂದು ವಾರ ಅಕ್ಕ ರಜ ಹಾಕಿದಳು. ಮೇಜಿಗೆ ಬೇರೆಯವರನ್ನು ಕೂರಿಸುತ್ತೇವೆ ಎಂದವರಿಗೆ, “ಕೂರಿಸಿ, ನಾನು ಬಂದು ಎಬ್ಬಿಸ್ತೀನಿ” ಎಂದಳಂತೆ. ಕಟ್ಟಡದಲ್ಲಿ ಮೇಷ್ಟ್ರು, “ನನ್ನದು ಬರೀ ಸೋಂಪು ಕಣ್ರೀ, ಅಫೀಮಲ್ಲ” ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತ ಓಡಾಡಿದರು. ಅಕ್ಕ ಅವರನ್ನು ಮೆಟ್ಟಿಲಲ್ಲೇ ತಡೆದು, “ಸೋಂಪು ಒಳ್ಳೇದೇ ಮೇಷ್ಟ್ರೇ, ನಿಮಗೆ, ನಮ್ಮನೆಯವರಿಗೆ. ಕೂಸಿಗೆ ಡಾಕ್ಟರು ಹೇಳೋವರೆಗೂ ಇಲ್ಲ” ಎಂದಳು. ಸೆಕ್ರೆಟರಿ ಆಂಟಿಯ ನಕ್ಷತ್ರದ ಮೊಗ್ಗಿನ ವಿಷಯವನ್ನೂ ಡಾಕ್ಟರಮ್ಮನಲ್ಲಿ ಕೇಳಿಕೊಂಡು ಬಂದಿದ್ದಳು. ನೋಡಲು ಅದೇ ಥರ ಇರುವ ವಿಷದ ಮೊಗ್ಗು ಬೇರೆ ಇದೆಯಂತೆ, ಒಣಗಿದ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಅದನ್ನು ಕೇಳಿದ ಆಂಟಿ ಎರಡು ದಿನ ತಮ್ಮ ಅಡುಗೆಮನೆಗೇ ಹೋಗಲು ಹೆದರಿದರು.

ಮತ್ತೆ ಸೋಮವಾರ ಬಂತು. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೇಲ್ಮಹಡಿಗೆ ಹೊಸದಾಗಿ ಬಂದಿದ್ದ ಹೆಂಗಸು ಮುಚ್ಚಿದ ಬಟ್ಟಲೊಂದನ್ನು ಹಿಡಿದು ಬಾಗಿಲಿಗೆ ಬಂದಳು. ಪಾಪ, ಅವಳಿಗೆ ನಮ್ಮ ಮನೆಯ ಇತಿಹಾಸ ತಿಳಿಯದು. “ನಿನ್ನೆ ಸಂಜೆ ಮಗು ಸ್ವಲ್ಪ ಅತ್ತ ಹಾಗಿತ್ತು. ಹೊಟ್ಟೆಗೆ ಒಳ್ಳೇದು ಅಂತ ಇದನ್ನ...”

ಭಾವ ಒಳಗಿನಿಂದ ಓಡಿ ಬಂದರು. ಆಸೆಪಟ್ಟು ಕಲಿತ ಶಬ್ದ ಬಳಸಲು ಸಿಕ್ಕ ಅವಕಾಶ. ಎದೆ ಉಬ್ಬಿಸಿ ತುಟಿ ಒತ್ತುವಷ್ಟರಲ್ಲಿ ದೊಡ್ಡಮ್ಮ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಕೂಸನ್ನು ಸೊಂಟದ ಮೇಲೆ ಏರಿಸಿಕೊಂಡು, ಬಾಗಿಲಿಗೆ ಅಡ್ಡ ನಿಂತರು.

“ಏನಿದೆ ಇದ್ರಲ್ಲಿ?”

“ಏನಿಲ್ಲ ದೊಡ್ಡಮ್ಮ, ಒಂದು ಬೇರು.”

“ಯಾವ ಬೇರು?”

“ಬೇರು ಅಂದ್ರೆ... ಬೇರು.”

“ಅದಕ್ಕೊಂದು ಹೆಸರಿಟ್ಟು, ಶಾಲೆಗೆ ಸೇರಿಸಿ, ಪಾಸಾದ ಮೇಲೆ ಕರ್ಕೊಂಡು ಬಾ” ಎಂದು ದೊಡ್ಡಮ್ಮ ಬಾಗಿಲು ಹಾಕಿದರು.

ಹಾಕುವ ಮೊದಲು ಅಕ್ಕ ಹೊರಗೆ ದಾಟಿಕೊಂಡಿದ್ದಳು. ಚಪ್ಪಲಿ ಬಿಚ್ಚಲಿಲ್ಲ. ಮೆಟ್ಟಿಲು ಇಳಿಯುವ ಸದ್ದು ಎಲ್ಲೂ ನಿಲ್ಲದೆ ಬೀದಿಯವರೆಗೂ ಕೇಳಿಸಿತು. ಒಳಗೆ ಭಾವ ಇನ್ನೂ ಉಬ್ಬಿದ ಎದೆಯಲ್ಲೇ ನಿಂತಿದ್ದರು.

“ನನಗೆ ಹೇಳೋಕೆ ಬಿಡ್ಬೇಕಿತ್ತು ದೊಡ್ಡಮ್ಮ” ಎಂದರು.

“ಬೇಡ” ಎಂದರು ದೊಡ್ಡಮ್ಮ.